ಬೋರ್ಡೋ ಕಲಸುವ ಜಾಗದಲ್ಲಿ ಹರಿವೆ ಯಾಕೆ ಏಳುವುದಿಲ್ಲ?

ಪ್ರಶ್ನೆ: ನಮ್ಮದು ಶಿರಸಿ ಕಡೆ ಒಂದು ಎಕರೆ ಅಡಿಕೆ ತೋಟ. 30 ವರ್ಷದಿಂದ ಅಡಿಕೆ ಕಾಯಿ ಉದುರಿಸುವ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ ಎಂಬ ತಾಮ್ರದ ಲವಣ, ಸುಣ್ಣ ಕಲಸಿದ ದ್ರಾವಣ) ಹೊಡೆಯುತ್ತಿದ್ದೇವೆ. ಮಳೆಗಾಲದಲ್ಲಿ ಎರಡು ಸಲ, ಪ್ರತಿ ಸಲ 200 ಲೀಟರಿನ ಐದು ಡ್ರಮ್. ಅಡಿಕೆ ಮರಗಳು ಚೆನ್ನಾಗಿವೆ. ಆದರೆ ದ್ರಾವಣ ಕಲಸುವ ಜಾಗದ ಪಕ್ಕ ಹಾಕಿದ ಹರಿವೆ, ಬಸಳೆ ಹಳದಿಯಾಗಿ ಕುಗ್ಗಿ ಹೋಗುತ್ತವೆ. ಗೊಬ್ಬರ ಕೊಟ್ಟರೂ ಅಷ್ಟೇ. ಇದು ಮೈಲುತುತ್ತದ ವಿಷವೇ? ಬೋರ್ಡೋ ನಿಲ್ಲಿಸಬೇಕೇ?

ಉತ್ತರ: ನಿಮ್ಮ ಅನುಮಾನ ನಿಜವಿರುವ ಸಾಧ್ಯತೆ ಜಾಸ್ತಿ. ಒಂದು ಹರಿವೆ ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಎತ್ತಿ, ಬೇರನ್ನು ನೀರಲ್ಲಿ ಅಲ್ಲಾಡಿಸಿ ತೊಳೆದು ನೋಡಿ. ತುದಿಗಳು ಕಂದಾಗಿ, ಮೊಂಡಾಗಿ, ಕೂದಲಿನಂಥ ಸಣ್ಣ ಬೇರುಗಳೇ ಇಲ್ಲದಂತಿದ್ದರೆ ತಾಮ್ರದ ಮೇಲೇ ನನ್ನ ಗುಮಾನಿ. ತಾಮ್ರದ ಈ ತೊಂದರೆ ಶುರುವಾಗುವುದು ಬೇರಲ್ಲಿ. ಎಲೆ ಹಳದಿಯಾಗುವುದು ಆಮೇಲೆ.

ನಿಮ್ಮದೇ ಲೆಕ್ಕ ಹಾಕೋಣ. ಶೇ 1ರ ಬೋರ್ಡೋ ಅಂದರೆ ಒಂದು ಡ್ರಮ್‌ಗೆ 2 ಕೆಜಿ ಮೈಲುತುತ್ತ. ಅದರಲ್ಲಿ ಕಾಲುಭಾಗ, ಅಂದರೆ ಅರ್ಧ ಕೆಜಿ, ಬರೀ ತಾಮ್ರ. ವರ್ಷಕ್ಕೆ 10 ಡ್ರಮ್, 5 ಕೆಜಿ. 30 ವರ್ಷಕ್ಕೆ 150 ಕೆಜಿ! ಅಡಿಕೆ ಕೊನೆಯ (ಗೊನೆಯ) ಜೊತೆ, ಮಳೆನೀರಿನ ಜೊತೆ ಒಂದಿಷ್ಟು ಹೋಗಿರುತ್ತದೆ. ಉಳಿದದ್ದು ಕೊಳೆಯುವುದಿಲ್ಲ, ಆರಿ ಹೋಗುವುದಿಲ್ಲ. ಮೇಲಿನ ಅರ್ಧ ಅಡಿ ಮಣ್ಣಲ್ಲೇ ಅಂಟಿಕೊಂಡು ಕೂರುತ್ತದೆ. ಯುರೋಪಿನಲ್ಲಿ 2019ರಿಂದ ಹೆಕ್ಟೇರಿಗೆ 7 ವರ್ಷಕ್ಕೆ 28 ಕೆಜಿ ತಾಮ್ರ ಅಂತ ಮಿತಿ ಇಟ್ಟಿದ್ದಾರೆ. ಹೆಕ್ಟೇರು ಅಂದರೆ ಸುಮಾರು ಎರಡೂವರೆ ಎಕರೆ, ಆ ಲೆಕ್ಕಕ್ಕೆ ನಿಮ್ಮ ಬಳಕೆ ಅದರ ಮೂರು ಪಟ್ಟು ಆಗುತ್ತದೆ. ಡ್ರಮ್ ತೊಳೆದು ಚೆಲ್ಲುವ ಜಾಗದ ಗತಿ ಕೇಳುವುದೇ ಬೇಡ, ಅಲ್ವಾ?

ತಾಮ್ರ ಗಿಡಕ್ಕೆ ಬೇಕೇ ಬೇಕು, ಆದರೆ ಚಿಟಿಕೆಯಷ್ಟು. ಒಣಗಿದ ಎಲೆಯ ಒಂದು ಕೆಜಿಯಲ್ಲಿ 5ರಿಂದ 20 ಮಿಲಿಗ್ರಾಂ ಇದ್ದರೆ ಸಾಕು. ಜಾಸ್ತಿಯಾದಾಗ ಅದು ಜೀವಕೋಶದೊಳಗೆ ಬೆಂಕಿ ಹಚ್ಚಿದ ಹಾಗೆ. ಕೋಶದ ಪೊರೆ ಹರಿದು ಪೊಟ್ಯಾಷ್ ಸೋರುತ್ತದೆ. ಬೇರಿನ ತುದಿ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಕಬ್ಬಿಣ ಒಳಗೆ ಬರುವುದಕ್ಕೂ ಅಡ್ಡಿ. ಕಬ್ಬಿಣ ಇಲ್ಲದೆ ಪತ್ರಹರಿತ್ತು ತಯಾರಾಗದು, ಅದಕ್ಕೇ ಎಳೆ ಎಲೆ ಮೊದಲು ಹಳದಿ. ಬೇರೇ ಇಲ್ಲದ ಗಿಡಕ್ಕೆ ನೀವು ಸುರಿದ ಗೊಬ್ಬರ ಸುಮ್ನೆ ದಂಡ. ಅಡಿಕೆ ಮರದ ಬೇರು ಆಳಕ್ಕೂ ಇಳಿದಿದೆ, ಅದು ತಡೆದುಕೊಳ್ಳುತ್ತದೆ. ಹರಿವೆಯ ಬೇರು ಇರುವುದೇ ಆ ಅರ್ಧ ಅಡಿಯಲ್ಲಿ.

ಸೊಪ್ಪು ತಿಂದರೆ ಏನಾದೀತು ಎಂಬ ಭಯ ಇದ್ದರೆ ಹೇಳುತ್ತೇನೆ: ತಾಮ್ರ ಬಹುಪಾಲು ಬೇರಲ್ಲೇ ಉಳಿಯುತ್ತದೆ, ಎಲೆಗೆ ಅಪಾಯಕಾರಿಯಾಗಿ ಏರುವ ಮೊದಲೇ ಗಿಡ ಸೊರಗಿ ಹೇಳಿಬಿಡುತ್ತದೆ. ನನಗೆ ಹೆಚ್ಚು ಭಯ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹದ್ದು. ಅದು ಸತುವಿನ ದಾರಿಯಲ್ಲೇ ಗಿಡದೊಳಗೆ ನುಗ್ಗಿ ಎಲೆಗೆ ಏರುತ್ತದೆ, ಗಿಡ ಹಸಿರಾಗಿಯೇ ಕಾಣುತ್ತಿರುತ್ತದೆ. ಕಾರ್ಖಾನೆ ನೀರು ಬರುವ ಕಡೆ ಸೊಪ್ಪು ಬೆಳೆಯಬೇಡಿ ಅಂತ ನಾನು ಪದೇ ಪದೇ ಹೇಳುವುದು ಅದಕ್ಕೇ.

ಬೋರ್ಡೋ ನಿಲ್ಲಿಸಬೇಡಿ. ಕೊಳೆ ಬಂದರೆ ಫಸಲೇ ನೆಲಕ್ಕೆ. 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ ಬೋರ್ಡೋ ಹೊಡೆಸಿದರು, ಅದು ಇವತ್ತಿಗೂ ಮಲೆನಾಡನ್ನು ಕಾಯುತ್ತಿದೆ. ಕೊನೆಗೆ ಮಾತ್ರ ತಾಗುವಂತೆ ಹೊಡೆಯಿರಿ. ದ್ರಾವಣದಲ್ಲಿ ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸೇರಿಸಿ. ಆದಷ್ಟು ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿದರೆ ಅಷ್ಟು ದ್ರಾವಣ ಉಳಿಯಿತು. ಮಿಕ್ಕಿದ್ದನ್ನು ಅಲ್ಲೇ ಚೆಲ್ಲಬೇಡಿ.

ಹುಳಿ ಮಣ್ಣಲ್ಲಿ ತಾಮ್ರ ಬಿಡಿಸಿಕೊಂಡು ಬೇರಿಗೆ ಬೇಗ ಸಿಗುತ್ತದೆ. ಮಲೆನಾಡಿನ ಮಣ್ಣು ಹುಳಿಯೇ. ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ (pH, ಹುಳಿಯ ಅಳತೆ) 5.5ಕ್ಕಿಂತ ಕಡಿಮೆ ಇದ್ದರೆ ಅವರು ಹೇಳಿದಷ್ಟು ಸುಣ್ಣ ಕೊಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಅದು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಎರಡು ತೆಂಗಿನ ಕರಟ ತೆಗೆದುಕೊಂಡು, ಒಂದಕ್ಕೆ ಆ ಜಾಗದ ಮಣ್ಣು, ಇನ್ನೊಂದಕ್ಕೆ ಮನೆ ಹಿಂದಿನ ಮಣ್ಣು ತುಂಬಿ ಮೆಂತ್ಯ ಬಿತ್ತಿ. ಎಂಟು ದಿನಕ್ಕೆ ಕಿತ್ತು ಎರಡರ ಬೇರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಉದ್ದ ಬರುವವರೆಗೆ ಹರಿವೆ, ಬಸಳೆಯನ್ನು ಬೇರೆ ಕಡೆ ಹಾಕಿಕೊಳ್ಳಿ.