ಮಿಲಮ್ ಶಾಲೆಯ ಮೇಷ್ಟ್ರು ನೈನ್ ಸಿಂಗ್ ರಾವತ್

ಶಿಕ್ಷಕರ ದಿನದ ಸಭೆಯಲ್ಲಿ ಮಾತನಾಡಬೇಕಾಗಿದೆ, ದೊಡ್ಡ ಹುದ್ದೆಗೇರಿದ ಗಣ್ಯರ ಕಥೆ ಬೇಡ, ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದು ದೂರದ ನಾಡುಗಳನ್ನು ಕಂಡುಬಂದ ಮೇಷ್ಟ್ರೊಬ್ಬರ ಬದುಕನ್ನು ಹೇಳಿ ಎಂದು ಕೇಳಿದ್ದೀರಿ. ನಾನು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವವನು. ಈ ಪ್ರಶ್ನೆಗೆ ನನಗೆ ಹೊಳೆಯುವ ಮೊದಲ ಹೆಸರು ನೈನ್ ಸಿಂಗ್ ರಾವತ್. ಟಿಬೆಟ್ಟಿನೊಳಗೆ ಕದ್ದು ನುಸುಳಿದ ಗೂಢಚಾರನೆಂದೇ ಅವರನ್ನು ಸಾಮಾನ್ಯವಾಗಿ ಪರಿಚಯಿಸುತ್ತಾರೆ. ಅದು ಸುಳ್ಳಲ್ಲ. ಆದರೆ ಅವರ ನಡಿಗೆಯ ವಿವರಗಳನ್ನು ಓದುತ್ತಾ ಹೋದ ಹಾಗೆ ನನಗೆ ಅಲ್ಲಿ ಕಾಣಿಸುವುದು ಒಬ್ಬ ಲೆಕ್ಕದ ಮೇಷ್ಟ್ರ ಶಿಸ್ತೇ ಹೊರತು ಸಾಹಸಿಯ ಹುಂಬತನವಲ್ಲ.

ಅವರು ಹುಟ್ಟಿದ್ದು 1830ರ ಅಕ್ಟೋಬರ್ 21ರಂದು, ಕುಮಾವೂನಿನ ಜೋಹಾರ್ ಕಣಿವೆಯ ಮಿಲಮ್ ಗ್ರಾಮದಲ್ಲಿ. ಇಂದಿನ ಲೆಕ್ಕದಲ್ಲಿ ಅದು ಉತ್ತರಾಖಂಡದ ಪಿಥೋರಾಗಢ ಜಿಲ್ಲೆ. ಗೋರಿಗಂಗಾ ನದಿ ಹುಟ್ಟುವ ಹಿಮನದಿಯ ಬುಡದಲ್ಲಿರುವ ಆ ಊರಿನ ಜನ ಬೇಸಿಗೆಯಲ್ಲಿ ಘಾಟಿಗಳನ್ನು ದಾಟಿ ಟಿಬೆಟ್ಟಿನೊಂದಿಗೆ ಉಪ್ಪು, ಉಣ್ಣೆ, ಧಾನ್ಯಗಳ ವ್ಯಾಪಾರ ನಡೆಸುತ್ತಿದ್ದ ಭೋಟಿಯಾಗಳು. ಹೀಗಾಗಿ ಟಿಬೆಟನ್ ಮಾತೂ ಅಲ್ಲಿನ ರೀತಿನೀತಿಗಳೂ ನೈನ್ ಸಿಂಗರಿಗೆ ಬಾಲ್ಯದಿಂದಲೇ ರೂಢಿಯಾಗಿದ್ದವು. 1855ರಿಂದ 1857ರವರೆಗೆ ಜರ್ಮನಿಯ ಅನ್ವೇಷಕರಾದ ಶ್ಲಾಗಿಂಟ್‌ವೈಟ್ ಸಹೋದರರ ಜತೆ ಮಾನಸ ಸರೋವರ, ಗರ್ತೋಕ್, ಲಡಾಖ್‌ಗಳನ್ನು ಸುತ್ತಿ ಬಂದ ಮೇಲೆ ಅವರು ಶಿಕ್ಷಣ ಇಲಾಖೆಗೆ ಸೇರಿ, ತಮ್ಮೂರಿನ ಶಾಲೆಯಲ್ಲೇ ಮುಖ್ಯೋಪಾಧ್ಯಾಯರಾದರು. ಊರಿನವರ ಬಾಯಲ್ಲಿ ಮೇಷ್ಟ್ರೆಂದರೆ ‘ಪಂಡಿತ’. ಮುಂದೆ ಸರ್ವೆ ಇಲಾಖೆಯ ಕಡತಗಳಲ್ಲಿ ಅದೇ ಅವರ ಗುಪ್ತನಾಮವಾಯಿತು, ಅವರ ಹಿಂದೆ ಬಂದ ನಡಿಗೆಯ ಮೋಜಣಿದಾರರೆಲ್ಲರಿಗೂ ಪಂಡಿತರೆಂಬ ಹೆಸರೇ ಅಂಟಿಕೊಂಡಿತು.

1863ರಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಎಡ್ಮಂಡ್ ಸ್ಮಿತ್ ಅವರ ಶಿಫಾರಸಿನ ಮೇಲೆ ನೈನ್ ಸಿಂಗರನ್ನೂ ಅವರ ದಾಯಾದಿ ಮಾಣಿ ಸಿಂಗರನ್ನೂ ಡೆಹ್ರಾಡೂನಿಗೆ ಕರೆಸಿಕೊಂಡವರು, ಇಡೀ ಭಾರತವನ್ನು ತ್ರಿಕೋನಗಳ ಲೆಕ್ಕದಲ್ಲಿ ಅಳೆಯುತ್ತಿದ್ದ ಬ್ರಿಟಿಷರ ಮಹಾ ತ್ರಿಕೋನಮಿತಿ ಸರ್ವೆಯ ಕ್ಯಾಪ್ಟನ್ ಥಾಮಸ್ ಮಾಂಟ್‌ಗೊಮರಿ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನಮ್ಮ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು ಮೈಸೂರು ಸೀಮೆಯ ಮೋಜಣಿಗೆ ತೊಡಗಿದ್ದರಿಂದ ಬೆಳೆದ ಕೆಲಸ ಅದು. ಸರಪಳಿ, ಕೋನ ಅಳೆಯುವ ಥಿಯೋಡೊಲೈಟು, ಎತ್ತರದ ಗೋಪುರಗಳಿಲ್ಲದೆ ನಡೆಯುವಂಥದ್ದಲ್ಲ. ಪರಕೀಯರಿಗೆ ಬಾಗಿಲು ಮುಚ್ಚಿದ್ದ ಟಿಬೆಟ್ಟಿನಲ್ಲಿ ಅವುಗಳ ಮಾತೇ ಇರಲಿಲ್ಲ. ಅಲ್ಲಿ ಅಳೆಯಬೇಕಾದದ್ದು ಕಾಲಿನಿಂದ, ಬರೆದಿಡಬೇಕಾದದ್ದು ಯಾರ ಕಣ್ಣಿಗೂ ಬೀಳದಂತೆ.

ಅದಕ್ಕಾಗಿ ಹೂಡಿದ ಉಪಾಯಗಳನ್ನು ಮಕ್ಕಳಿಗೆ ನಿಧಾನವಾಗಿ ಬಿಡಿಸಿ ಹೇಳಿ, ಸಭೆಯ ಅರ್ಧ ಸಮಯ ಅದಕ್ಕೇ ಹೋದರೂ ನಷ್ಟವಿಲ್ಲ. ಏರಿರಲಿ ಇಳಿಜಾರಿರಲಿ, ಸುಮಾರು ಎರಡು ಸಾವಿರ ಹೆಜ್ಜೆಗೆ ಒಂದು ಮೈಲಿಯಾಗುವಂತೆ ಒಂದೇ ಅಳತೆಯ ಹೆಜ್ಜೆ ಹಾಕುವುದನ್ನು ಅವರು ಅಭ್ಯಾಸ ಮಾಡಿದರು. ಬೌದ್ಧರ ಜಪಮಾಲೆಯಲ್ಲಿ 108 ಮಣಿಗಳಿರುತ್ತವೆ. ಅವರ ಮಾಲೆಯಲ್ಲಿ ಇದ್ದದ್ದು 100. ನೂರು ಹೆಜ್ಜೆಗೊಂದು ಮಣಿ ಜಾರಿಸಿದರೆ ಒಂದು ಸುತ್ತಿಗೆ ಹತ್ತು ಸಾವಿರ ಹೆಜ್ಜೆ, ಅಂದರೆ ಐದು ಮೈಲಿ. ಕೈಯಲ್ಲಿ ತಿರುಗುತ್ತಿದ್ದ ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಸುರುಳಿಯ ಬದಲು ದಿಕ್ಕು, ದೂರಗಳನ್ನು ಗುರುತು ಹಾಕಿದ ಕಾಗದವಿತ್ತು. ದಾರಿಯಲ್ಲಿ ಯಾರಾದರೂ ಮಾತಿಗೆಳೆಯಲು ಬಂದರೆ ಚಕ್ರ ತಿರುಗಿಸುತ್ತಾ ಜಪದಲ್ಲಿ ಮುಳುಗಿದವರಂತೆ ನಡೆದುಬಿಡುವುದು. ಜಪ ಮಾಡುವವರನ್ನು ಅಡ್ಡಗಟ್ಟುವ ಪದ್ಧತಿ ಅಲ್ಲಿರಲಿಲ್ಲ. ಪೆಟ್ಟಿಗೆಯ ಕಳ್ಳತಳದಲ್ಲಿ ನಕ್ಷತ್ರಗಳ ಕೋನ ಅಳೆಯುವ ಸೆಕ್ಸ್‌ಟಂಟ್, ಕವಡೆಯೊಳಗೆ ಪಾದರಸ. ರಾತ್ರಿ ಆ ಪಾದರಸವನ್ನು ಬಟ್ಟಲಿಗೆ ಸುರಿದರೆ ಅಲುಗದ ಕನ್ನಡಿಯಾಗುತ್ತಿತ್ತು, ಅದರಲ್ಲಿ ಮೂಡಿದ ನಕ್ಷತ್ರದ ಬಿಂಬದಿಂದ ಅಕ್ಷಾಂಶ ಸಿಗುತ್ತಿತ್ತು. ಎತ್ತರ ತಿಳಿಯಲು ಚಹಾದ ನೀರು ಸಾಕು: ಮೇಲೇರಿದಂತೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ, ಲಾಸಾದಲ್ಲಿ ಸುಮಾರು 88 ಡಿಗ್ರಿ ಸೆಲ್ಸಿಯಸ್‌ಗೇ. ಉಷ್ಣಮಾಪಕವನ್ನು ಯಾರೂ ನೋಡದಂತೆ ಅದರಲ್ಲಿ ಅದ್ದಿ ತೆಗೆದರೆ ಆಯಿತು.

1865ರಲ್ಲಿ ಹೊರಟಾಗ ಕುದುರೆ ಕೊಳ್ಳಲು ಬಂದ ಬಶಹರದ (ಇಂದಿನ ಹಿಮಾಚಲದ ಒಂದು ಸೀಮೆ) ವ್ಯಾಪಾರಿಯೆಂದು ಹೇಳಿಕೊಂಡರು, ಗಡಿಯಲ್ಲಿ ಅದು ನಡೆಯದೆ ಹೋದಾಗ ಲಡಾಖಿಯ ವೇಷ ತೊಟ್ಟು ನೇಪಾಳದ ಕಡೆಯಿಂದ ಟಿಬೆಟ್ ಸೇರಿದರು. ಮಾಣಿ ಸಿಂಗ್ ಅರ್ಧ ದಾರಿಯಿಂದ ಹಿಂದಿರುಗಿದರು. ನೈನ್ ಸಿಂಗ್ ಲಡಾಖಿ ವರ್ತಕರ ಗುಂಪಿನೊಂದಿಗೆ ತ್ಸಾಂಗ್‌ಪೋ (ನಮ್ಮಲ್ಲಿ ಬ್ರಹ್ಮಪುತ್ರ) ನದಿಯ ಗುಂಟ ನಡೆದು ಅಕ್ಟೋಬರ್ ಕೊನೆಗೆ ಶಿಗಾಟ್ಸೆ ತಲುಪಿದಾಗ ಕೈಯಲ್ಲಿದ್ದ ಹಣ ಕರಗುತ್ತಾ ಬಂದಿತ್ತು. ಆಗ ಅವರು ಮಾಡಿದ್ದೇನು ಗೊತ್ತೇ? ಅಲ್ಲಿದ್ದ ನೇಪಾಳಿ ಅಂಗಡಿಕಾರರಿಗೆ ನಮ್ಮ ಕಡೆಯ ಲೆಕ್ಕದ ಪದ್ಧತಿಯನ್ನು ಹೇಳಿಕೊಟ್ಟು ನಾಲ್ಕು ಕಾಸು ಸಂಪಾದಿಸಿದರು. ವೇಷ ಯಾವುದೇ ಇರಲಿ, ಹೊಟ್ಟೆಗೆ ಬಂದದ್ದು ಮೇಷ್ಟ್ರ ಕಸುಬೇ. ಅವರ ಇಡೀ ಪಯಣದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ಶಿಗಾಟ್ಸೆಯ ತಾಶಿಲುನ್ಪೋ ಮಠದಲ್ಲಿ, ದಲೈ ಲಾಮಾರ ನಂತರದ ದೊಡ್ಡ ಗುರುವಾದ ಪಂಚೆನ್ ಲಾಮಾರ ದರ್ಶನಕ್ಕೆ ಹೋಗುವಾಗ ಅವರಿಗೆ ಒಳಗೊಳಗೇ ಅಳುಕಿತ್ತು, ಏಕೆಂದರೆ ಲಾಮಾ ಎದುರಿಗಿದ್ದವರ ಮನಸ್ಸನ್ನು ಓದಬಲ್ಲರೆಂಬ ನಂಬಿಕೆಯಿತ್ತು. ಕಂಡದ್ದು ಹನ್ನೊಂದು ವರ್ಷದ ಹುಡುಗನನ್ನು. ಮುಂದೆ 1866ರ ಜನವರಿ 10ರಂದು ಲಾಸಾ ಸೇರಿ, ದಲೈ ಲಾಮಾರ ಮುಂದೆ ನಿಂತಾಗಲೂ ಪೀಠದಲ್ಲಿದ್ದದ್ದು ಬಾಲಕನೇ. ನಿಮ್ಮ ರಾಜ ಕ್ಷೇಮವೇ, ನಿಮ್ಮ ನಾಡು ಸುಭಿಕ್ಷವಾಗಿದೆಯೇ, ನೀವು ಆರೋಗ್ಯವೇ ಎಂಬ ಮೂರು ಪ್ರಶ್ನೆಗಳು ಅಲ್ಲಿ ಬಂದವು. ಆ ವಯಸ್ಸಿನ ಹುಡುಗರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದ ಮೇಷ್ಟ್ರಿಗೆ ಈಗ ಉತ್ತರ ಕೊಡುವ ಪಾಳಿ. ಅಂದಹಾಗೆ, ಟಿಬೆಟ್ಟಿನಿಂದ ಬಂದವರು ಆ ತಾಶಿಲುನ್ಪೋ ಮಠವನ್ನು 1972ರಲ್ಲಿ ನಮ್ಮ ಬೈಲಕುಪ್ಪೆಯಲ್ಲಿ ಮತ್ತೆ ಸ್ಥಾಪಿಸಿದ್ದಾರೆ. ನಿಮ್ಮ ಮಕ್ಕಳು ಪ್ರವಾಸಕ್ಕೆ ಹೋಗಿ ಅದನ್ನು ನೋಡಿರಲೂಬಹುದು.

ಲಾಸಾದ ವಾಸ ಸುಖದ್ದಾಗಿರಲಿಲ್ಲ. ಅಪ್ಪಣೆಯಿಲ್ಲದೆ ಊರು ಹೊಕ್ಕ ಚೀನೀಯನೊಬ್ಬನ ತಲೆ ಕಡಿದದ್ದನ್ನು ಕಂಡ ಮೇಲೆ ಅವರು ಬಿಡಾರ ಬದಲಿಸಿ ಹೊರಗೆ ಸುಳಿಯುವುದನ್ನೇ ಕಡಿಮೆ ಮಾಡಿದರು. ಇಬ್ಬರು ಕಾಶ್ಮೀರಿ ಮುಸ್ಲಿಂ ವರ್ತಕರು ಅವರ ವೇಷವನ್ನು ಕಂಡುಹಿಡಿದರೂ ಗುಟ್ಟು ಬಿಡಲಿಲ್ಲ. ಗಡಿಯಾರವನ್ನು ಒತ್ತೆಯಿಟ್ಟುಕೊಂಡು ಸಾಲವನ್ನೂ ಕೊಟ್ಟರು. ಏಪ್ರಿಲ್‌ನಲ್ಲಿ ಅಲ್ಲಿಂದ ಹೊರಟು ಅಕ್ಟೋಬರ್ 27ರಂದು ಡೆಹ್ರಾಡೂನ್ ಮುಟ್ಟುವಷ್ಟರಲ್ಲಿ ಅವರ ಮಣಿಗಳು ಎಣಿಸಿದ್ದು ಸುಮಾರು 1,200 ಮೈಲಿ, ಇಪ್ಪತ್ತೈದು ಲಕ್ಷ ಹೆಜ್ಜೆ. ಮರುವರ್ಷ ಪಶ್ಚಿಮ ಟಿಬೆಟ್ಟಿನ ಥೋಕ್ ಜಾಲುಂಗ್ ಚಿನ್ನದ ಗಣಿಗಳಿಗೆ ಹೋಗಿಬಂದರು. 1874ರ ಜುಲೈಯಲ್ಲಿ ಲೇಹ್‌ನಿಂದ ಲಾಮಾ ವೇಷದಲ್ಲಿ, ಕುರಿಗಳ ಬೆನ್ನಿಗೆ ಸಾಮಾನು ಹೇರಿಕೊಂಡು ಹೊರಟ ಕೊನೆಯ ಯಾತ್ರೆ ಉತ್ತರದ ಬಂಜರು ಪ್ರಸ್ಥಭೂಮಿಯನ್ನು ಹಾದು, ಲಾಸಾ ಮತ್ತು ತವಾಂಗ್ ಮೂಲಕ 1875ರ ಮಾರ್ಚ್‌ನಲ್ಲಿ ಅಸ್ಸಾಮಿನ ಉದಲ್‌ಗುರಿಯಲ್ಲಿ ಮುಗಿಯಿತು. ಲಾಸಾದಲ್ಲಿ ಪರಿಚಯದವನೊಬ್ಬ ಕಣ್ಣಿಗೆ ಬಿದ್ದದ್ದರಿಂದ ಈ ಸಲ ಅಲ್ಲಿ ಹೆಚ್ಚು ದಿನ ನಿಲ್ಲಲಾಗಲಿಲ್ಲ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1868ರಲ್ಲಿ ಚಿನ್ನದ ಕ್ರೊನೊಮೀಟರನ್ನೂ (ಕರಾರುವಾಕ್ಕಾದ ಗಡಿಯಾರ) 1877ರಲ್ಲಿ ಚಿನ್ನದ ಪದಕವನ್ನೂ ಕೊಟ್ಟಿತು. ಭಾರತದ ಅಂಚೆ ಇಲಾಖೆ ಅವರ ಚಿತ್ರದ ಚೀಟಿ ತಂದದ್ದು 2004ರಲ್ಲಿ.

ಒಂದು ಮಾತನ್ನು ದೊಡ್ಡ ತರಗತಿಯ ಮಕ್ಕಳಿಂದ ಮುಚ್ಚಿಡಬೇಡಿ. ಈ ನಕ್ಷೆ ಬೇಕಾಗಿದ್ದದ್ದು ಬ್ರಿಟಿಷ್ ಸಾಮ್ರಾಜ್ಯಕ್ಕೆ, ಮತ್ತು ಟಿಬೆಟನ್ನರ ಅನುಮಾನ ನಿರಾಧಾರವಾಗಿರಲಿಲ್ಲ. 1904ರಲ್ಲಿ ಬ್ರಿಟಿಷ್ ಅಧಿಕಾರಿ ಯಂಗ್‌ಹಸ್ಬೆಂಡ್‌ನ ದಂಡು ಲಾಸಾದವರೆಗೆ ನುಗ್ಗಿತು. ನೈನ್ ಸಿಂಗರನ್ನು ದೇಶಭಕ್ತರೆಂದು ಕೊಂಡಾಡುವುದೂ ಬ್ರಿಟಿಷರ ಕೈಯಾಳೆಂದು ಜರೆಯುವುದೂ ನನಗೆ ಒಪ್ಪಿಗೆಯಿಲ್ಲ. ಅವರು ಹಿಡಿದ ಕೆಲಸವನ್ನು ತಪ್ಪಿಲ್ಲದಂತೆ ಮಾಡಿದವರು. ಅಷ್ಟನ್ನು ನಿಸ್ಸಂಕೋಚವಾಗಿ ಹೇಳಬಹುದು.

ಅಸ್ಸಾಮಿನಿಂದ ಮರಳಿದ ಮೇಲೆ, ಕಣ್ಣೂ ಆರೋಗ್ಯವೂ ಕೆಟ್ಟಿದ್ದರಿಂದ, ಅವರು ಮತ್ತೆ ಹೊರಡದೆ ಹೊಸ ಮೋಜಣಿದಾರರಿಗೆ ಪಾಠ ಹೇಳತೊಡಗಿದರು. ಅವರ ಕೈಯಲ್ಲಿ ತಯಾರಾದ ದಾಯಾದಿ ಕಿಶನ್ ಸಿಂಗ್ 1878ರಲ್ಲಿ ಹೊರಟು, ದಾರಿಯಲ್ಲಿ ದರೋಡೆಗೊಳಗಾಗಿ, ಸತ್ತೇಹೋದನೆಂದು ಎಲ್ಲರೂ ತಿಳಿದಿದ್ದಾಗ ನಾಲ್ಕು ವರ್ಷಗಳ ನಂತರ ಟಿಪ್ಪಣಿಗಳ ಸಮೇತ ಹಿಂದಿರುಗಿದರು. ಕಳ್ಳರ ಭಯಕ್ಕೆ ಜತೆಯವರೆಲ್ಲ ಕುದುರೆಯೇರಿ ಸಾಗುವಾಗ ಅವರೂ ಏರಲೇಬೇಕಾಗಿ ಬಂದಾಗ, ಕುದುರೆಯ ಹೆಜ್ಜೆಗಳನ್ನೇ ಎಣಿಸಿ ಲೆಕ್ಕ ಬರೆದಿಟ್ಟಿದ್ದರು.