ನಿವೃತ್ತ ಶಿಕ್ಷಕರಾಗಿದ್ದ ಮಾವನವರ ನುಡಿನಮನದಲ್ಲಿ ಏನು ಮಾತನಾಡಲಿ?

ನಿಮ್ಮ ಮಾವನವರು ಹಾವೇರಿ ಸುತ್ತಲಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು, ನುಡಿನಮನದಲ್ಲಿ ಸೊಸೆಯೇ ನಾಲ್ಕು ಮಾತನಾಡಲಿ ಎಂದು ಮನೆಯವರು ಹೇಳಿದ್ದಾರೆ, ಶಾಲೆ ಮತ್ತು ಸಂಸಾರ ಎರಡನ್ನೂ ಹೇಗೆ ಹೇಳಲಿ ಎಂದು ಕೇಳಿದ್ದೀರಿ. ಬರೆಯಲು ಕೂರುವ ಮೊದಲು ಅವರು ಹೆಚ್ಚು ಕಾಲ ಕಲಿಸಿದ ಶಾಲೆಗೆ ಹೋಗಿ ಬನ್ನಿ. ಮುಖ್ಯೋಪಾಧ್ಯಾಯರನ್ನು ಕಂಡು, ಆ ಕಾಲದ ಪ್ರವೇಶ ವಹಿಯನ್ನು ಒಮ್ಮೆ ತೋರಿಸಿ ಎಂದು ವಿನಂತಿಸಿ. ಊರಿನ ಎಷ್ಟೋ ಜನರ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಅದರಲ್ಲಿ ನಿಮ್ಮ ಮಾವನವರ ಕೈಬರಹದಲ್ಲೇ ಸಿಗಬಹುದು.

ಇದನ್ನು ಹೇಳಲು ಕಾರಣ ನನ್ನ ಅಪ್ಪ. ಅವರೂ ಮಾಸ್ತರರು. ಧಾರವಾಡದಲ್ಲಿ ಶಿಕ್ಷಕರ ತರಬೇತಿ ಮುಗಿಸಿ ರೋಣ, ನರಗುಂದ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಲಿಸಿದವರು. ಆಗ ಅದೆಲ್ಲ ಧಾರವಾಡ ಜಿಲ್ಲೆ. ಗದಗ, ಹಾವೇರಿ ಎರಡೂ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ.

ನಮ್ಮ ಕಡೆ ಐವತ್ತು ದಾಟಿದವರ ಆಧಾರ್ ಕಾರ್ಡುಗಳನ್ನು ನೋಡಿ. ಎಷ್ಟೊಂದು ಜನ ಜೂನ್ 1ರಂದೇ ಹುಟ್ಟಿದ್ದಾರೆ! ಮನೆಯಲ್ಲೇ ಹೆರಿಗೆ, ಜನನ ನೋಂದಣಿ ಇಲ್ಲ. ಮಗುವನ್ನು ಶಾಲೆಗೆ ತಂದ ದಿನ ಮಾಸ್ತರರು ಅಂದಾಜಿನಲ್ಲಿ ವರ್ಷ ಹಿಡಿದು, ಶಾಲೆ ಆರಂಭವಾಗುವ ತಿಂಗಳ ಮೊದಲ ದಿನವನ್ನೇ ಬರೆದುಬಿಡುತ್ತಿದ್ದರು. ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ನೌಕರಿ, ಪಿಂಚಣಿ ಎಲ್ಲಕ್ಕೂ ಅದೇ ದಿನ. ನಮ್ಮ ಅಪ್ಪನದೂ ಜೂನ್ 1. ಹಾಗಾಗಿ ಅವರು 2004ರ ಮೇ 31ರಂದು ನಿವೃತ್ತರಾದರು. ತಾವು ನಿಜವಾಗಿ ಹುಟ್ಟಿದ್ದು ಯಾವ ದಿನ ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಕೇಳಲು ಯಾರೂ ಉಳಿದಿರಲಿಲ್ಲ.

ಬಹುಶಃ ಅದಕ್ಕೇ ಇರಬೇಕು, ತಮ್ಮ ಕೈಯಿಂದ ಇನ್ನೊಂದು ಜೂನ್ 1 ಬರೆಯಲು ಅವರಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಹಳೆಯ ಪಂಚಾಂಗಗಳನ್ನು ವರ್ಷವಾರು ಕಟ್ಟಿ ಟ್ರಂಕಿನಲ್ಲಿಟ್ಟಿದ್ದರು. ದಾಖಲು ಮಾಡಿಸಲು ಬಂದ ತಾಯಂದಿರನ್ನು ಕೂರಿಸಿಕೊಂಡು ಕೇಳುತ್ತಿದ್ದರು: ಕಾರ ಹುಣ್ಣಿಮೆಗೆ ಮುಂಚೆಯೋ, ನಂತರವೋ? ಬನಶಂಕರಿ ಜಾತ್ರೆಗೆ ಮಗು ತೊಟ್ಟಿಲಲ್ಲಿತ್ತೋ, ಹೊಟ್ಟೆಯಲ್ಲಿತ್ತೋ? ಎಳ್ಳು ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆಯಾ, ಬಾಣಂತಿಯೆಂದು ಮನೆಯಲ್ಲಿದ್ದೆಯಾ? ವರ್ಷ ತಿಳಿಯಲು ಬೇರೆ ಗುರುತುಗಳಿದ್ದವು: 1972ರ ಬರ, 1980ರ ಜುಲೈನಲ್ಲಿ ನರಗುಂದದಲ್ಲಿ ರೈತರ ಮೇಲಾದ ಗೋಲಿಬಾರ್. ಚಿಕ್ಕವಳಾಗಿದ್ದ ನಾನು ಪಕ್ಕದಲ್ಲಿ ಕುಳಿತು ಪಂಚಾಂಗ ತೆಗೆದುಕೊಡುತ್ತಿದ್ದೆ.

ಒಬ್ಬ ತಾಯಿಯ ಮಾತು ಈಗಲೂ ಕಿವಿಯಲ್ಲಿದೆ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣವಾಗಿತ್ತು. ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರು ಕಡೆಗೆಲ್ಲ ಹಾಡುಹಗಲಲ್ಲೇ ಕತ್ತಲು ಕವಿದಿತ್ತು. “ಗ್ರಹಣದ ದಿನ ನಾನು ತುಂಬಿದ ಬಸುರಿ, ಹೊರಗೇ ಬಿಡಲಿಲ್ಲ. ಎಂಟನೆಯ ದಿನಕ್ಕೆ ಇವನು ಹುಟ್ಟಿದ” ಎಂದರು ಆಕೆ. ಅಪ್ಪ ಕೇಳಿದರು: “ಗ್ರಹಣದ ದಿನವನ್ನು ಸೇರಿಸಿ ಎಂಟೋ, ಬಿಟ್ಟು ಎಂಟೋ, ತಂಗಿ?” ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಗ್ರಹಣವೂ ಶನಿವಾರ, ಇವನು ಹುಟ್ಟಿದ್ದೂ ಶನಿವಾರವೇ” ಎಂದರು. ಅಪ್ಪ ವಹಿಯಲ್ಲಿ ಫೆಬ್ರವರಿ 23 ಎಂದು ಬರೆದರು. ಅದನ್ನು ಆಕೆಗೆ ಓದಿ ಹೇಳಿದಾಗ ಆ ಮುಖದಲ್ಲಿ ಮೂಡಿದ ಸಂತೋಷವನ್ನು ನೋಡಬೇಕಿತ್ತು! ಹೆತ್ತ ದಿನವನ್ನು ಯಾರೋ ನಂಬಿ ಬರೆದುಕೊಂಡರಲ್ಲ ಎಂಬ ಸಂತೋಷ. ಮಗಳ ಮದುವೆಗೆ ಅವಸರಪಟ್ಟು, ವಯಸ್ಸು ಹೆಚ್ಚಿಸಿ ದಾಖಲೆ ಕೊಡಿ ಎಂದು ಬಂದವರೂ ಇದ್ದರು. ಅಂಥವರಿಗೆ ಕುಡಿಯಲು ನೀರು ಕೊಟ್ಟು, ಬರಿಗೈಯಲ್ಲಿ ಕಳುಹಿಸುತ್ತಿದ್ದರು.

ನಿಮ್ಮ ಮಾವನವರಲ್ಲೂ ಇಂಥದೊಂದು ಇದ್ದೇ ಇರುತ್ತದೆ. ಅದನ್ನು ಹುಡುಕಿ. ‘ಆದರ್ಶ ಶಿಕ್ಷಕ’, ‘ಸರಳ ಸಜ್ಜನ’, ‘ಮಮತಾಮಯಿ ತಂದೆ’ ಎಂಬ ಮಾತುಗಳನ್ನು ನಿಮಗಿಂತ ಮುಂಚೆ ಮಾತನಾಡುವವರು ಹೇಗೂ ಹೇಳುತ್ತಾರೆ.

ಇನ್ನು ಸಂಸಾರದ ವಿಷಯ. ಶಾಲೆಗೆ ಒಂದು ಪ್ಯಾರಾ, ಮನೆಗೆ ಒಂದು ಪ್ಯಾರಾ ಎಂದು ಭಾಗ ಮಾಡಬೇಡಿ. ನಮ್ಮ ಮನೆಯಲ್ಲಿ ಅವೆರಡು ಬೇರೆ ಇರಲೇ ಇಲ್ಲ. ನಮ್ಮ ಹೈಸ್ಕೂಲಿಗಾಗಿ ಅವ್ವ ಬೆಟಗೇರಿಯಲ್ಲಿ ಬಾಡಿಗೆ ಮನೆ ಹಿಡಿದು ನಮ್ಮ ಜೊತೆಗಿದ್ದರು. ಅಪ್ಪ ಹಳ್ಳಿಯಲ್ಲೇ ಉಳಿದರು. ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು, ಚಳಿಗಾಲವಾದರೆ ಹಸಿ ಕಡಲೆ ಗಿಡದ ಕಟ್ಟು ಹಿಡಿದು. ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು ಸಂಯುಕ್ತ ಕರ್ನಾಟಕವನ್ನು ಗಟ್ಟಿಯಾಗಿ ಓದುತ್ತಿದ್ದರು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಅವ್ವ ಕ್ರಮೇಣ ತಾವೇ ಪತ್ರಿಕೆ ಓದತೊಡಗಿದರು. ಅವ್ವ ಹುಟ್ಟಿದ್ದು ಸೀಗಿ ಹುಣ್ಣಿಮೆಯಂದು ಎಂದು ನಮ್ಮ ತಾಯಿಯ ತಾಯಿಯನ್ನು ಕೇಳಿ ತಿಳಿದುಕೊಂಡು, ಪ್ರತಿ ಸೀಗಿ ಹುಣ್ಣಿಮೆಗೆ ಒಂದು ಇಳಕಲ್ ಸೀರೆ ತರುತ್ತಿದ್ದರು. ಸಂಬಳ ತಡವಾದ ವರ್ಷ ಸಾಲ ಮಾಡಿ ತಂದದ್ದೂ ಉಂಟು.

ಹಾಗೆಂದು ಎಲ್ಲವೂ ಸುಖವಾಗಿತ್ತು ಎನ್ನಲಾರೆ. 1991ರ ಜನಗಣತಿಯ ಸಮಯದಲ್ಲಿ ತಮ್ಮನಿಗೆ ವಿಷಮಶೀತ ಜ್ವರ. ಅಪ್ಪ ಹಳ್ಳಿಯಲ್ಲಿ ಮನೆ ಮನೆ ತಿರುಗುತ್ತಿದ್ದರು. ಸುದ್ದಿ ಮುಟ್ಟಿ ಅವರು ಬರುವಷ್ಟರಲ್ಲಿ ಅವ್ವ ಒಬ್ಬರೇ ಆಸ್ಪತ್ರೆಯಲ್ಲಿ ರಾತ್ರಿಗಳನ್ನು ಕಳೆದಾಗಿತ್ತು. ಆ ನೋವನ್ನು ಅವ್ವ ಮರೆತಿಲ್ಲ. ಅಪ್ಪನ ನುಡಿನಮನಕ್ಕೆ ನಾನು ಬರೆಯುತ್ತಿದ್ದಾಗ, “ಅದನ್ನೂ ಬರೆ. ಅವರಿದ್ದಿದ್ದರೆ ಅವರೇ ಬರೆ ಎನ್ನುತ್ತಿದ್ದರು” ಎಂದರು. ನಾನು ಬರೆದೆ, ಸಭೆಯಲ್ಲಿ ಓದಿದೆ. ಅಪ್ಪನ ಮೇಲಿನ ಗೌರವ ಅದರಿಂದ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಮಾಸ್ತರರು ನಮ್ಮೂರಿಗೆ ಕೊಟ್ಟ ಸಮಯ ಯಾರ ಪಾಲಿನದು ಎಂದು ಈಗ ತಿಳಿಯಿತು ಎಂದು ಆ ಹಳ್ಳಿಯ ಹಿರಿಯರೊಬ್ಬರು ಅವ್ವನ ಮುಂದೆ ಕೈಮುಗಿದರು.

ಆದ್ದರಿಂದ ನಿಮ್ಮ ಅತ್ತೆಯವರನ್ನು ಕೇಳದೆ ಒಂದು ಸಾಲನ್ನೂ ಬರೆಯಬೇಡಿ. ಅವರಿಗೆ ದುಃಖ ಒತ್ತರಿಸಿ ಬರುತ್ತಿದ್ದರೆ ಹತ್ತಿರ ಕುಳಿತಿರಿ, ಮಾತು ತಾನಾಗಿ ಬರುತ್ತದೆ. ಶಾಲೆಯ ವಹಿಯಿಂದ ಐದಾರು ಹೆಸರುಗಳನ್ನು ಬರೆದುಕೊಂಡು, ಈಗ ಊರಿನಲ್ಲಿರುವವರನ್ನು ಮೊದಲೇ ಕೇಳಿ, ಒಪ್ಪಿದವರ ಹೆಸರನ್ನು ಸಭೆಯಲ್ಲಿ ಓದಿ. ಜಾತಿಯ ಕಾಲಂ ನಿಮ್ಮ ಟಿಪ್ಪಣಿಗೆ ಬರುವುದು ಬೇಡ. ನಿಮ್ಮ ಮಾತು ಐದು ನಿಮಿಷದಲ್ಲಿ ಮುಗಿಯಲಿ. ಆಮೇಲೆ ಮೈಕನ್ನು ಆ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ ಕೊಡಿ. ವೇದಿಕೆಯ ಗಣ್ಯರ ಪಟ್ಟಿಯಲ್ಲಿ ಅವರ ಹೆಸರು ಇಲ್ಲದಿದ್ದರೂ ಪರವಾಗಿಲ್ಲ.