ದೋಣಿಗೆ ರಿಮೋಟ್ ಸರ್ಚ್‌ಲೈಟ್ ಯಾವುದು ಒಳ್ಳೆಯದು?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಮೀನುಗಾರಿಕೆ ದೋಣಿ ಇದೆ. ಒಳಗೆ ಕೂತೇ ತಿರುಗಿಸುವ ಸರ್ಚ್‌ಲೈಟ್ ಹಾಕಿಸಬೇಕು. ಏನೇನು ನೋಡಬೇಕು ಸರ್?

ಉತ್ತರ: ಮೊದಲು ನಿಮ್ಮ ಬ್ಯಾಟರಿ 12 ವೋಲ್ಟಿನದೋ 24 ವೋಲ್ಟಿನದೋ ನೋಡಿಕೊಳ್ಳಿ. 12 ವೋಲ್ಟಿನಲ್ಲಿ 100 ವ್ಯಾಟಿನ ಹ್ಯಾಲೊಜೆನ್ ಬಲ್ಬು 8 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ, ಎಂಜಿನ್ ನಿಲ್ಲಿಸಿ ಉರಿಸುತ್ತಾ ಕೂತರೆ ಬ್ಯಾಟರಿ ಇಳಿದುಹೋಗುತ್ತದೆ, ಅದಕ್ಕೇ ಎಲ್‌ಇಡಿ ವಾಸಿ. ಅಗ್ಗ ಅಂತ ಸುಮ್ನೆ ಜೀಪಿನ ಲೈಟು ತರಬೇಡಿ, ಉಪ್ಪುಗಾಳಿ ಅದನ್ನು ಉಳಿಸುವುದಿಲ್ಲ. ಲೈಟಿನ ಮೇಲೆ ಐಪಿ67 (ನೀರು, ಧೂಳು ಒಳಹೋಗದಂತೆ ತಡೆಯುವ ಮಟ್ಟದ ಗುರುತು) ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ.

ಬೆಳಕು ಹಾಯಿಸಿ ಮೀನು ಸೆಳೆಯುವುದಕ್ಕೆ 2017ರಿಂದ ನಿಷೇಧವಿದೆ, ಗೊತ್ತಲ್ವಾ? ಇದು ದಾರಿ ನೋಡಲಷ್ಟೇ ಇರಲಿ. ದಯವಿಟ್ಟು ಎದುರು ದೋಣಿಯವರ ಕಣ್ಣಿಗೆ ಮಾತ್ರ ಬಿಡಬೇಡಿ; ಆ ಕಣ್ಣು ಮತ್ತೆ ಕತ್ತಲೆಗೆ ಪೂರ್ತಿ ಹೊಂದಲು 20–30 ನಿಮಿಷ ಬೇಕು.